ಮಗುವನ್ನು ಕೇಳುವುದು, ಮಗು ಹೇಳಿದ್ದನ್ನು ಕೇಳುವುದು

ಕನ್ನಡದಲ್ಲಿ ‘ಕೇಳು’ ಅನ್ನುವ ಮಾತಿಗೆ ಎರಡು ಅರ್ಥವಿದೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಮಕ್ಕಳ ರಕ್ಷಣೆಯ ಕೆಲಸದಲ್ಲಿ ಮೊದಲನೆಯದು ಬೇಕಾದಷ್ಟು ನಡೆಯುತ್ತದೆ. ಹೆಸರೇನು, ಯಾವ ತರಗತಿ, ಯಾರು ಹೊಡೆದರು, ಎಷ್ಟು ಸಲ ಹೊಡೆದರು. ಒಂದೇ ವಾರದಲ್ಲಿ ನಾಲ್ಕೈದು ಜನ ದೊಡ್ಡವರು ಒಂದೇ ಮಗುವಿನ ಮುಂದೆ ಕೂತು ಇದನ್ನೇ ಕೇಳಿರುತ್ತಾರೆ. ಆದರೆ ಫೈಲ್ ತೆರೆದು ‘ಈ ಮಗುವಿಗೆ ಏನು ಬೇಕಂತೆ’ ಅಂತ ಹುಡುಕಿದರೆ ಎಷ್ಟೋ ಸಲ ಒಂದು ಸಾಲೂ ಸಿಗುವುದಿಲ್ಲ.

ಈ ಬರಹ ಎರಡನೆಯ ಅರ್ಥದ ಕೇಳುವುದರ ಬಗ್ಗೆ. ಮನೆ ಭೇಟಿಗೆ ಹೋಗುವವರು, ಆಪ್ತಸಮಾಲೋಚಕರು, ಮಕ್ಕಳ ನಿಲಯ ನೋಡಿಕೊಳ್ಳುವವರು, ಮಗುವಿನ ಬಗ್ಗೆ ತೀರ್ಮಾನ ಮಾಡುವ ಸಭೆಗಳಲ್ಲಿ ಕೂರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಮಗುವಿನ ಮಾತು ಕೇಳುವುದು ನಾವು ತೋರಿಸುವ ದೊಡ್ಡತನವಲ್ಲ, ಅದು ಮಗುವಿನ ಹಕ್ಕು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ಪರಿಚ್ಛೇದ ಇದನ್ನು ನೇರವಾಗಿಯೇ ಹೇಳುತ್ತದೆ. ತನ್ನದೇ ಅಭಿಪ್ರಾಯ ಕಟ್ಟಿಕೊಳ್ಳಬಲ್ಲ ಪ್ರತಿ ಮಗುವಿಗೂ ತನಗೆ ಸಂಬಂಧಪಟ್ಟ ಎಲ್ಲ ವಿಷಯಗಳಲ್ಲಿ ಅದನ್ನು ಮುಕ್ತವಾಗಿ ಹೇಳುವ ಹಕ್ಕಿದೆ. ದೊಡ್ಡವರು ಅದಕ್ಕೆ ಮಗುವಿನ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ತೂಕ ಕೊಡಬೇಕು. ಇಂತಿಷ್ಟು ವರ್ಷ ಆದ ಮೇಲೆ ಮಾತ್ರ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ‘ಇನ್ನೂ ಚಿಕ್ಕದು, ಅದಕ್ಕೇನು ಗೊತ್ತಾಗುತ್ತೆ’ ಅನ್ನುವುದಕ್ಕೆ ಆ ಪರಿಚ್ಛೇದದಲ್ಲಿ ಆಧಾರವಿಲ್ಲ.

2009ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಇದೇ ಪರಿಚ್ಛೇದವನ್ನು ಬಿಡಿಸಿ ಒಂದು ವಿವರಣೆ ಕೊಟ್ಟಿತು. ಅದರಲ್ಲಿ ಐದು ಹಂತಗಳಿವೆ. ಮಗುವನ್ನು ತಯಾರು ಮಾಡುವುದು, ಮಾತು ಕೇಳುವುದು, ಮಗುವಿನ ತಿಳಿವಳಿಕೆಯನ್ನು ಅಂದಾಜು ಮಾಡುವುದು, ಅದರ ಮಾತಿಗೆ ಎಷ್ಟು ತೂಕ ಕೊಟ್ಟೆವು ಅಂತ ಮಗುವಿಗೆ ವಾಪಸ್ ತಿಳಿಸುವುದು, ಸರಿಹೋಗದಿದ್ದರೆ ದೂರು ಕೊಡಲು ದಾರಿ ಇಡುವುದು. ನನ್ನ ಲೆಕ್ಕದಲ್ಲಿ ನಾಲ್ಕನೆಯದೇ ಎಲ್ಲಕ್ಕಿಂತ ಜಾಸ್ತಿ ಬಿಟ್ಟುಹೋಗುವ ಹಂತ. ಅದನ್ನು ಬಿಟ್ಟರೆ ಮೊದಲ ಮೂರಕ್ಕೂ ಅರ್ಥ ಉಳಿಯುವುದಿಲ್ಲ. ಅದರ ಬಗ್ಗೆ ಮುಂದೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಹೋಗುವ ಮೊದಲು

ಮಗುವನ್ನು ನೋಡಲು ಹೊರಡುವ ಮುಂಚೆ ಹತ್ತು ನಿಮಿಷ ಸುಮ್ನೆ ಕೂತು ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಈಗ ಯಾವ ತೀರ್ಮಾನ ಇನ್ನೂ ಆಗಿಲ್ಲ? ಮಗು ಎಲ್ಲಿ ಇರಬೇಕು ಅನ್ನುವುದು ಆಗಲೇ ನಿರ್ಧಾರವಾಗಿದ್ದರೆ ‘ಎಲ್ಲಿರೋಕೆ ಇಷ್ಟ’ ಅಂತ ಕೇಳುವುದು ಮೋಸ. ಆದರೆ ಆಗಲೂ ಬೇಕಾದಷ್ಟು ವಿಷಯ ಉಳಿದಿರುತ್ತದೆ. ಯಾವಾಗ ಹೋಗಬೇಕು, ಜೊತೆಗೆ ಏನು ತೆಗೆದುಕೊಂಡು ಹೋಗಬೇಕು, ಶಾಲೆಯಲ್ಲಿ ಯಾರಿಗೆ ಗೊತ್ತಾಗಬೇಕು, ತಂಗಿಯನ್ನು ವಾರಕ್ಕೆ ಎಷ್ಟು ಸಲ ನೋಡಬೇಕು. ನಮಗೆ ಇವು ಚಿಕ್ಕ ವಿಷಯಗಳು. ಮಗುವಿನ ದಿನ ನಡೆಯುವುದು ಇವುಗಳಲ್ಲೇ.

ಯಾರು ಹೋಗಬೇಕು ಅನ್ನುವುದನ್ನೂ ಯೋಚಿಸಿ. ಮಗು ಆಗಲೇ ನಂಬಿರುವ ಟೀಚರ್ ಒಬ್ಬರಿದ್ದರೆ ಹೊಸಬರಾದ ನಾವೇ ಹೋಗಿ ಕೂರಬೇಕೆಂದೇನೂ ಇಲ್ಲ. ಮಗುವಿನ ಮನೆಮಾತು ನಮಗೆ ಬಾರದಿದ್ದರೆ ಅನುವಾದಕರು ಬೇಕು. ಮನೆಯವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಲೇಬಾರದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2000ದ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ ತೀರಿಕೊಂಡಳು. ನೋಡಿಕೊಳ್ಳಬೇಕಾದವರೇ ಅವಳಿಗೆ ಹಿಂಸೆ ಕೊಟ್ಟು ಕೊಂದಿದ್ದರು. ಅವಳು ಐವರಿ ಕೋಸ್ಟ್‌ನಿಂದ ಫ್ರಾನ್ಸ್ ಮೂಲಕ ಬಂದವಳು, ಫ್ರೆಂಚ್ ಮಾತಾಡುವವಳು. ಆಸ್ಪತ್ರೆ, ಪೊಲೀಸ್, ಸಮಾಜಸೇವಾ ಇಲಾಖೆ, ಎಲ್ಲ ಕಡೆಯವರೂ ಅವಳನ್ನು ನೋಡಿದ್ದರು. ಅವಳ ಪರವಾಗಿ ಮಾತಾಡುತ್ತಿದ್ದವರು ಹಿಂಸೆ ಕೊಡುತ್ತಿದ್ದ ಸಂಬಂಧಿಕರೇ. ನಿನ್ನ ದಿನ ಹೇಗಿರುತ್ತದಮ್ಮ ಅಂತ ಅವಳನ್ನೇ, ಅವಳ ಭಾಷೆಯಲ್ಲೇ, ಕೂರಿಸಿಕೊಂಡು ಕೇಳಿದವರು ಇರಲಿಲ್ಲ. ಲಾರ್ಡ್ ಲಾಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಂತು. ಬ್ರಿಟನ್ನಿನ ಮಕ್ಕಳ ರಕ್ಷಣಾ ವ್ಯವಸ್ಥೆಯೇ ಆಮೇಲೆ ಬದಲಾಯಿತು. ಆ ಹುಡುಗಿಯ ಪಾಲಿಗೆ ತಡವಾಗಿತ್ತು.

ಮೊದಲ ಐದು ನಿಮಿಷ

ಬಹಳ ಜನ ಇಲ್ಲಿ ಅವಸರ ಮಾಡುತ್ತಾರೆ. ಒಂದು ಚಾಕೊಲೇಟ್ ಕೊಟ್ಟು, ತಲೆ ಸವರಿ, ಸೀದಾ ಪ್ರಶ್ನೆಗೆ ಇಳಿಯುತ್ತಾರೆ. ಮಗುವಿಗೆ ನಾವು ಯಾರು, ಯಾಕೆ ಬಂದಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ. ತಾನು ಏನೋ ತಪ್ಪು ಮಾಡಿದ್ದಕ್ಕೇ ಇವರು ಬಂದಿದ್ದಾರೆ ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತವೆ.

ಹೀಗೆ ಶುರು ಮಾಡಬಹುದು: ‘ನನ್ನ ಕೆಲಸ ಮಕ್ಕಳು ಚೆನ್ನಾಗಿದ್ದಾರಾ ಅಂತ ನೋಡೋದು. ನೀನು ಏನೂ ತಪ್ಪು ಮಾಡಿಲ್ಲ. ನಾವು ಅರ್ಧ ಗಂಟೆ ಮಾತಾಡ್ತೀವಿ. ಬೇಡ ಅನ್ನಿಸಿದ್ರೆ ಬೇಡ ಅನ್ನಬಹುದು, ಮಧ್ಯದಲ್ಲಿ ಎದ್ದು ಹೋಗಬಹುದು. ನೀನು ಹೇಳಿದ್ದನ್ನ ಈ ಪುಸ್ತಕದಲ್ಲಿ ಬರ್ಕೋತೀನಿ, ನೀನು ಬೇಕಾದ್ರೆ ನೋಡಬಹುದು.’

ಆಮೇಲೆ ಗುಟ್ಟಿನ ವಿಷಯ. ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಅನ್ನುವ ಮಾತು ನಮ್ಮ ಬಾಯಲ್ಲಿ ಬರಲೇಬಾರದು. ಮಗು ಅಪಾಯದಲ್ಲಿದೆ ಅಂತ ಗೊತ್ತಾದರೆ ನಾವು ಹೇಳಲೇಬೇಕು. ಆಗ ಆ ಮಗು ದೊಡ್ಡವರನ್ನು ನಂಬುವುದನ್ನೇ ಬಿಡುತ್ತದೆ. ಮೊದಲೇ ಹೇಳಿಬಿಡಿ: ‘ನಿನಗಾಗಲಿ ಬೇರೆ ಮಕ್ಕಳಿಗಾಗಲಿ ತೊಂದರೆ ಆಗ್ತಿದೆ ಅಂತ ಗೊತ್ತಾದ್ರೆ, ಸಹಾಯ ಮಾಡೋರಿಗೆ ನಾನು ಹೇಳಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲು ತಿಳಿಸ್ತೀನಿ.’ ಹೀಗೆ ಹೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ ಅನ್ನುವ ಭಯ ನಮಗಿರುತ್ತದೆ. ಕೆಲವು ಮಕ್ಕಳು ಆ ದಿನ ಮಾತಾಡದೆಯೂ ಇರಬಹುದು. ಅದು ಅವರ ಆಯ್ಕೆ, ಅದನ್ನು ಗೌರವಿಸಬೇಕು. ನಾವು ಮತ್ತೆ ಬರುತ್ತೇವೆ ಅಂತ ಹೇಳಿ, ಹೇಳಿದ ದಿನ ಹೋಗಬೇಕು.

ಇನ್ನು ಕೆಲವು ಚಿಕ್ಕ ನಿಯಮಗಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದು. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಬಹುದು. ನಾನು ತಪ್ಪು ಹೇಳಿದರೆ ತಿದ್ದಬಹುದು. ಇದನ್ನು ಹೇಳಿ ಬಿಟ್ಟರೆ ಸಾಲದು, ಆಡಿ ತೋರಿಸಬೇಕು. ಆರು ವರ್ಷದ ಮಗುವಿಗೆ ‘ನಿನಗೆ ಹನ್ನೆರಡು ವರ್ಷ ಅಂತ ಅಂದ್ರೆ ಏನು ಹೇಳ್ತೀಯಾ?’ ಅಂತ ಕೇಳಿ. ‘ಅಲ್ಲ, ಆರು!’ ಅಂತ ತಿದ್ದಿದರೆ ‘ಹಾಗೇ, ನಾನು ತಪ್ಪು ಹೇಳಿದಾಗೆಲ್ಲ ಹೀಗೇ ಹೇಳಬೇಕು’ ಅನ್ನಿ. ದೊಡ್ಡವರನ್ನು ತಿದ್ದುವುದು ತಪ್ಪಲ್ಲ ಅಂತ ಆ ಮಗು ಬಹುಶಃ ಮೊದಲ ಸಲ ಕೇಳುತ್ತಿರುತ್ತದೆ. ಅಮೆರಿಕದ ಮಕ್ಕಳ ಆರೋಗ್ಯ ಮತ್ತು ಬೆಳವಣಿಗೆಯ ರಾಷ್ಟ್ರೀಯ ಸಂಸ್ಥೆಯ ಸಂಶೋಧಕರು ರೂಪಿಸಿದ ಸಂದರ್ಶನ ವಿಧಾನವೂ ಇಂಥ ನಿಯಮಗಳಿಂದಲೇ ಶುರುವಾಗುತ್ತದೆ. ಅದರಲ್ಲಿ ಇನ್ನೊಂದು ಒಳ್ಳೆಯ ರೂಢಿಯಿದೆ. ಕಷ್ಟದ ವಿಷಯಕ್ಕೆ ಹೋಗುವ ಮೊದಲು ಮಗುವಿಗೆ ಸಂಬಂಧಿಸಿದ ಬೇರೊಂದು ಸಾಮಾನ್ಯ ದಿನದ ಕತೆಯನ್ನು ಮೊದಲಿಂದ ಕೊನೆತನಕ ಹೇಳಿಸುವುದು. ಇಲ್ಲಿ ಮಾತಾಡುವುದು ತಾನು, ಕೇಳಿಸಿಕೊಳ್ಳುವುದು ಅವರು ಅನ್ನುವ ಅಭ್ಯಾಸ ಆಗಲೇ ಆಗುತ್ತದೆ.

ಪ್ರಶ್ನೆ ಕಮ್ಮಿ, ಕಿವಿ ಜಾಸ್ತಿ

ನಮ್ಮ ಮಾತಿನಲ್ಲಿ ‘ಅಲ್ವಾ’ ಅನ್ನುವ ಪದವಿದೆ. ದಿನನಿತ್ಯದ ಮಾತಿಗೆ ಅದು ಬೇಕು. ಮಗುವಿನ ಮುಂದೆ ಕೂತಾಗ ಮಾತ್ರ ಅದನ್ನು ಹೊರಗಿಟ್ಟು ಬನ್ನಿ. ‘ಅಪ್ಪ ತುಂಬಾ ಬೈತಾರೆ ಅಲ್ವಾ?’ ‘ಇಲ್ಲಿ ಚೆನ್ನಾಗಿದೆ ಅಲ್ವಾ?’ ಇವು ಪ್ರಶ್ನೆಗಳಲ್ಲ, ಉತ್ತರಗಳು. ಮಗು ತಲೆಯಾಡಿಸುತ್ತದೆ. ದೊಡ್ಡವರು ಹೇಳಿದ್ದಕ್ಕೆ ಹೂಂ ಅನ್ನುವುದು ಅದಕ್ಕೆ ಅಭ್ಯಾಸ. ನಾವು ಅದನ್ನೇ ಮಗುವಿನ ಅಭಿಪ್ರಾಯ ಅಂತ ಬರೆದುಕೊಂಡು ಬರುತ್ತೇವೆ. ನಾನೂ ಹೀಗೆ ಬರೆದಿದ್ದೇನೆ. ಆ ಪುಟಗಳನ್ನು ಈಗ ಓದಿದರೆ ಅಲ್ಲಿರುವುದು ನನ್ನ ಮಾತೇ ಅಂತ ಗೊತ್ತಾಗುತ್ತದೆ.

ಅದರ ಬದಲು ಹೀಗೆ ಕೇಳಬಹುದು: ‘ಮನೇಲಿ ಸಂಜೆ ಹೊತ್ತು ಹೇಗಿರುತ್ತೆ, ಹೇಳು.’ ‘ಆಮೇಲೆ?’ ‘ನೀನು ಬೇಜಾರಾಯ್ತು ಅಂದ್ಯಲ್ಲ, ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳ್ತೀಯಾ?’ ಮಗು ಬಳಸಿದ ಪದವನ್ನೇ ಹಿಡಿದು ಮುಂದಕ್ಕೆ ಹೋಗಿ. ಅದು ‘ಆ ಮಾಮ’ ಅಂದರೆ ನೀವೂ ‘ಆ ಮಾಮ’ ಅನ್ನಿ, ಹೆಸರು ಊಹಿಸಿ ಹೇಳಬೇಡಿ.

‘ಯಾಕೆ’ ಅನ್ನುವ ಪ್ರಶ್ನೆಯಲ್ಲೂ ಎಚ್ಚರ ಬೇಕು. ‘ಯಾಕೆ ಯಾರಿಗೂ ಹೇಳಲಿಲ್ಲ?’ ಅಂದರೆ ಮಗುವಿಗೆ ಬೈದ ಹಾಗೆ ಕೇಳಿಸುತ್ತದೆ. ‘ಹೇಳೋಕೆ ಏನು ಕಷ್ಟ ಆಯ್ತು?’ ಅಂದರೆ ಭಾರ ಸ್ವಲ್ಪ ಇಳಿಯುತ್ತದೆ. ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮೊದಲು ಹೇಳಿದ್ದು ತಪ್ಪಿರಬೇಕು ಅಂದುಕೊಂಡು ಚಿಕ್ಕ ಮಕ್ಕಳು ಉತ್ತರವನ್ನೇ ಬದಲಾಯಿಸಿಬಿಡುತ್ತವೆ. ಆಮೇಲೆ ನಾವು ‘ಮಗು ಮಾತು ಬದಲಾಯಿಸುತ್ತಿದೆ’ ಅಂತ ಬರೆಯುತ್ತೇವೆ. ಇದು ಅನ್ಯಾಯ.

ಉತ್ತರ ಬಾರದಿದ್ದಾಗ ಮೌನವನ್ನು ತುಂಬಬೇಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಮಗೆ ಅದು ಬಹಳ ಹೊತ್ತು ಅನ್ನಿಸುತ್ತದೆ. ಮಗು ಆ ಹೊತ್ತಿನಲ್ಲಿ ಹೇಳಲೋ ಬೇಡವೋ ಅಂತ ತೂಗಿ ನೋಡುತ್ತಿರುತ್ತದೆ. ‘ಏನಿಲ್ಲ’, ‘ಸುಮ್ನೆ’ ಅಂತ ಬಂದರೆ ಅದೂ ಉತ್ತರವೇ. ‘ಸರಿ, ಇದು ಈಗ ಬೇಡ’ ಅಂತ ಬಿಟ್ಟು ಬೇರೆ ಕಡೆ ಹೋಗಿ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳುವುದಕ್ಕಿಂತ ಪಕ್ಕದಲ್ಲಿ ಕೂತು ಬಣ್ಣ ಹಚ್ಚುತ್ತಲೋ, ಒಟ್ಟಿಗೆ ನಡೆಯುತ್ತಲೋ ಇದ್ದಾಗ ಮಾತು ಸುಲಭವಾಗಿ ಬರುತ್ತದೆ. ದೊಡ್ಡ ಮಕ್ಕಳಿಗಂತೂ ಇದು ಇನ್ನೂ ನಿಜ.

ಒಡಹುಟ್ಟಿದವರನ್ನು ಒಟ್ಟಿಗೆ ಕೂರಿಸಿ ಕೇಳಿದರೆ ದೊಡ್ಡದರ ಅಭಿಪ್ರಾಯ ಮಾತ್ರ ಸಿಗುತ್ತದೆ. ಒಬ್ಬೊಬ್ಬರ ಜೊತೆಗೂ ಬೇರೆಯಾಗಿ ಮಾತಾಡಿ.

ಮಾತಾಡುವಾಗ ಹಿಂಸೆಯ ವಿಷಯ ಹೊರಬಂದರೆ

ಅಭಿಪ್ರಾಯ ಕೇಳಲು ಹೋದಾಗ ಮಗು ಇದ್ದಕ್ಕಿದ್ದಂತೆ ಯಾರೋ ಮುಟ್ಟಿದ್ದನ್ನೋ ಹೊಡೆದದ್ದನ್ನೋ ಹೇಳಬಹುದು. ಆ ಕ್ಷಣದಲ್ಲಿ ನಾವು ತನಿಖೆಗೆ ಇಳಿಯಬಾರದು. ಅದು ಅದಕ್ಕೆಂದೇ ತರಬೇತಿ ಪಡೆದವರ ಕೆಲಸ. ಮಗು ತಾನಾಗಿ ಹೇಳಿದಷ್ಟನ್ನು ಪೂರ್ತಿ ಕೇಳಿಸಿಕೊಳ್ಳಿ. ಮುಖದಲ್ಲಿ ಗಾಬರಿ ತೋರಿಸಬೇಡಿ. ‘ನೀನು ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪಿಲ್ಲ’ ಅನ್ನಿ. ಹೇಳಿದ ಪದಗಳನ್ನು ಹಾಗೇ ಬರೆದಿಟ್ಟುಕೊಳ್ಳಿ. ಮುಂದೆ ಯಾರಿಗೆ ಹೇಳುತ್ತೀರಿ ಅಂತ ಮಗುವಿಗೆ ತಿಳಿಸಿ, ಅದೇ ದಿನ ವರದಿ ಮಾಡಿ. ಆರೋಪಿಯ ಜೊತೆ ನೀವೇ ಮಾತಾಡಲು ಹೋಗಬೇಡಿ. ಆ ರಾತ್ರಿ ಮಗು ಎಲ್ಲಿ ಮಲಗುತ್ತದೆ ಅನ್ನುವುದು ಗೊತ್ತಾಗದೆ ಅಲ್ಲಿಂದ ಏಳಬೇಡಿ.

ಹಿಂಸೆ ಅನುಭವಿಸಿದ ಮಗುವನ್ನು ಅಗತ್ಯಕ್ಕಿಂತ ಜಾಸ್ತಿ ಸಲ ವಿಚಾರಿಸಬಾರದು ಅಂತ ವಿಶ್ವಸಂಸ್ಥೆಯ ಸಮಿತಿಯೂ ಹೇಳಿದೆ.

ಮಾತು ಬಾರದ ಮಕ್ಕಳು, ಮಾತಾಡದ ಮಕ್ಕಳು

ಮೂರು ವರ್ಷದ ಮಗುವಿಗೂ ಅಭಿಪ್ರಾಯವಿದೆ. ಯಾರು ಬಂದಾಗ ಓಡಿ ಬರುತ್ತದೆ, ಯಾರು ಬಂದಾಗ ಮೇಜಿನ ಕೆಳಗೆ ಸೇರುತ್ತದೆ, ಯಾವ ದಿನ ಊಟ ಬಿಡುತ್ತದೆ, ಎಲ್ಲವೂ ಹೇಳಿಕೆಗಳೇ. ಅದನ್ನು ನೋಡಿ, ದಿನಾಂಕ ಹಾಕಿ ಬರೆದಿಡಿ. ಒಂದು ಸಲ ನೋಡಿದ್ದರಿಂದ ಏನನ್ನೂ ತೀರ್ಮಾನಿಸಬೇಡಿ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯವರ ಜೊತೆ ಇದ್ದಾಗ ನೋಡಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ‘ಮೂರು ಮನೆ’ ಅನ್ನುವ ಸಾಧನ ಬಹಳ ಉಪಯೋಗಕ್ಕೆ ಬರುತ್ತದೆ. 2003ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಿಕಿ ವೆಲ್ಡ್ ಮತ್ತು ಮ್ಯಾಗಿ ಗ್ರೀನಿಂಗ್ ಇದನ್ನು ರೂಪಿಸಿದರು. ಒಂದು ಹಾಳೆಯಲ್ಲಿ ಮೂರು ಮನೆ ಬಿಡಿಸಬೇಕು. ಒಂದು ಚಿಂತೆಗಳ ಮನೆ, ಒಂದು ಒಳ್ಳೆಯ ಸಂಗತಿಗಳ ಮನೆ, ಒಂದು ಕನಸುಗಳ ಮನೆ. ಯಾವ ಮನೆಯಿಂದ ಶುರು ಮಾಡೋಣ ಅಂತ ಮಗುವನ್ನೇ ಕೇಳಿ. ಒಳಗೆ ಚಿತ್ರ ಬಿಡಿಸಬಹುದು, ಬರೆಯಬಹುದು, ಮಗು ಹೇಳಿದ್ದನ್ನು ನೀವೇ ಬರೆಯಬಹುದು. ಚಿತ್ರಕ್ಕೆ ಅರ್ಥ ಹಚ್ಚುವ ಕೆಲಸ ಮಾತ್ರ ನಿಮ್ಮದಲ್ಲ. ಕಪ್ಪು ಬಣ್ಣ ಬಳಸಿದೆ ಅಂತ ದುಃಖ ಅಂದುಕೊಳ್ಳಬೇಡಿ, ಹತ್ತಿರದಲ್ಲಿ ಕಪ್ಪು ಪೆನ್ಸಿಲ್ ಒಂದೇ ಇದ್ದಿರಬಹುದು. ‘ಇಲ್ಲಿ ಏನಾಗ್ತಿದೆ ಹೇಳು’ ಅನ್ನಿ. ಹಾಳೆಯನ್ನು ಬೇರೆ ಯಾರಿಗಾದರೂ ತೋರಿಸುವ ಮೊದಲು ಮಗುವಿನ ಒಪ್ಪಿಗೆ ಕೇಳಿ.

ಅಂಗವೈಕಲ್ಯವಿರುವ ಮಕ್ಕಳ ಫೈಲಿನಲ್ಲಿ ‘ಅಭಿಪ್ರಾಯ ಪಡೆಯಲು ಸಾಧ್ಯವಾಗಲಿಲ್ಲ’ ಅನ್ನುವ ಸಾಲು ತುಂಬ ಸುಲಭವಾಗಿ ಬಂದುಬಿಡುತ್ತದೆ. ಅದನ್ನು ಬರೆಯುವ ಮೊದಲು ನೀವು ಏನೇನು ಪ್ರಯತ್ನ ಮಾಡಿದಿರಿ ಅಂತ ಬರೆಯಿರಿ. ಸನ್ನೆ ಭಾಷೆ ಬಲ್ಲವರನ್ನು ಕರೆದಿರಾ? ಚಿತ್ರದ ಕಾರ್ಡ್ ಬಳಸಿದಿರಾ? ಆ ಮಗು ಹೌದು, ಇಲ್ಲ ಅನ್ನುವುದನ್ನು ಹೇಗೆ ತೋರಿಸುತ್ತದೆ ಅಂತ ದಿನವೂ ಜೊತೆಗಿರುವವರನ್ನು ಕೇಳಿದಿರಾ? ಇಷ್ಟು ಮಾಡದೆ ಆ ಸಾಲು ಬರೆಯುವುದು ಸರಿಯಲ್ಲ.

ಬರೆಯುವಾಗ

‘ಮಗು ಸಂತೋಷವಾಗಿದೆ, ಹೊಂದಿಕೊಂಡಿದೆ.’ ಈ ವಾಕ್ಯದಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ‘ಇಲ್ಲಿ ರಾತ್ರಿ ಯಾರೂ ಕೂಗಾಡಲ್ಲ, ಅದಕ್ಕೆ ನಿದ್ದೆ ಬರುತ್ತೆ. ಆದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?’ ಅಂತ ಮಗು ಹೇಳಿದ್ದನ್ನು ಹಾಗೇ ಬರೆದರೆ ಓದಿದವರಿಗೆ ಎಲ್ಲವೂ ಕಾಣುತ್ತದೆ. ಮಗುವಿನ ಮಾತನ್ನು ಅದರ ಭಾಷೆಯಲ್ಲೇ, ಉದ್ಧರಣ ಚಿಹ್ನೆ ಹಾಕಿ ಬರೆಯಿರಿ. ನೀವು ಕಂಡದ್ದನ್ನು ಬೇರೆ ಬರೆಯಿರಿ. ನಿಮಗೆ ಅನ್ನಿಸಿದ್ದನ್ನು ಮೂರನೆಯದಾಗಿ ಬರೆಯಿರಿ. ಈ ಮೂರೂ ಬೆರೆತುಹೋದರೆ ಆರು ತಿಂಗಳ ಮೇಲೆ ಫೈಲ್ ನೋಡುವವರಿಗೆ ಯಾವುದು ಯಾರ ಮಾತು ಅಂತಲೇ ತಿಳಿಯುವುದಿಲ್ಲ.

ಏಳುವ ಮೊದಲು ಬರೆದದ್ದನ್ನು ಮಗುವಿಗೆ ಓದಿ ಹೇಳಿ. ‘ಸರಿಯಾಗಿ ಬರೆದಿದೀನಾ? ಏನಾದ್ರೂ ಸೇರಿಸಬೇಕಾ, ತೆಗೀಬೇಕಾ?’

ಮಗು ಬಯಸುವುದು ಅದಕ್ಕೆ ಅಪಾಯ ತರುವಂತಿದ್ದರೆ

ಇದು ಎಲ್ಲಕ್ಕಿಂತ ಕಷ್ಟದ ಭಾಗ. ‘ನಾನು ಮನೆಗೆ ಹೋಗ್ತೀನಿ’ ಅನ್ನುತ್ತದೆ ಮಗು. ಮನೆ ಸುರಕ್ಷಿತವಲ್ಲ ಅಂತ ನಮಗೆ ಗೊತ್ತು. ಒಡಂಬಡಿಕೆಯ 3ನೇ ಪರಿಚ್ಛೇದ ಮಗುವಿನ ಹಿತವನ್ನು ಮುಂದಿಡಬೇಕು ಅನ್ನುತ್ತದೆ, 12ನೆಯದು ಮಾತಿಗೆ ತೂಕ ಕೊಡಿ ಅನ್ನುತ್ತದೆ. ಇವೆರಡಕ್ಕೂ ಜಗಳ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಮಗುವಿನ ಮಾತನ್ನೇ ಕೇಳದೆ ಅದರ ಹಿತ ಯಾವುದು ಅಂತ ನಮಗೆ ಹೇಗೆ ಗೊತ್ತಾಗಬೇಕು?

‘ಮನೆಗೆ ಹೋಗ್ತೀನಿ’ ಅನ್ನುವ ಒಂದು ಮಾತಿನೊಳಗೆ ಹತ್ತು ಮಾತಿರಬಹುದು. ತಮ್ಮನನ್ನು ಹೊಡೆತದಿಂದ ಕಾಪಾಡುವವರು ತಾನಿಲ್ಲದಿದ್ದರೆ ಯಾರೂ ಇಲ್ಲ ಅನ್ನುವ ಚಿಂತೆ ಇರಬಹುದು. ತನ್ನ ನಾಯಿಗೆ ಊಟ ಹಾಕುವವರಿಲ್ಲ ಅನ್ನುವುದಿರಬಹುದು. ಬೇರೆ ಶಾಲೆಗೆ ಹೋಗಬೇಕಾಗುತ್ತದೆ ಅನ್ನುವ ಭಯವಿರಬಹುದು. ‘ಹೋಗಿ ಅಲ್ಲಿ ಚೆನ್ನಾಗಿದೀನಿ ಅಂತ ಹೇಳು’ ಅಂತ ಯಾರೋ ಹೇಳಿಕೊಟ್ಟದ್ದೂ ಇರಬಹುದು. ಅಥವಾ ಹೊಡೆಯುವ ಅಪ್ಪನ ಮೇಲೆ ನಿಜವಾದ ಪ್ರೀತಿಯೇ ಇರಬಹುದು. ‘ಮನೆಗೆ ಹೋದ್ರೆ ಮೊದಲು ಏನು ಮಾಡ್ತೀಯಾ?’ ‘ಮನೇಲಿ ಯಾವುದು ಬದಲಾದ್ರೆ ಚೆನ್ನಾಗಿರುತ್ತೆ?’ ಅಂತ ಕೇಳಿದರೆ ಒಳಗಿನ ಮಾತು ಹೊರಗೆ ಬರುತ್ತದೆ. ಮನೆಗೆ ಕಳಿಸಲು ಆಗದಿದ್ದರೂ ತಮ್ಮನ ಸುರಕ್ಷತೆಯನ್ನು ನೋಡಬಹುದು, ಶಾಲೆ ಉಳಿಸಬಹುದು, ನಾಯಿಯ ವ್ಯವಸ್ಥೆ ಮಾಡಬಹುದು.

‘ಅಪ್ಪ ಬೇಕಾ, ಅಮ್ಮ ಬೇಕಾ’ ಅಂತ ಮಾತ್ರ ಯಾವ ಮಗುವನ್ನೂ ಕೇಳಬೇಡಿ. ತೀರ್ಮಾನದ ಹೊಣೆ ದೊಡ್ಡವರದ್ದು. ‘ನೀನು ಹೇಳೋದು ನನಗೆ ಬಹಳ ಮುಖ್ಯ. ಆದ್ರೆ ಕೊನೆಗೆ ನಿರ್ಧಾರ ಮಾಡೋದು ದೊಡ್ಡವರು. ಅದು ನಿನ್ನಿಂದ ಆಗಿದ್ದಲ್ಲ’ ಅಂತ ಬಾಯಿಬಿಟ್ಟು ಹೇಳಿ. ಇದನ್ನು ಕೇಳಿ ಎಷ್ಟೋ ಮಕ್ಕಳು ನಿರಾಳವಾಗುತ್ತವೆ.

ಸಭೆಯಲ್ಲಿ

ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲಂಡಿ 2007ರಲ್ಲಿ 12ನೇ ಪರಿಚ್ಛೇದವನ್ನು ನಾಲ್ಕು ಪದಗಳಲ್ಲಿ ಬಿಡಿಸಿದರು: ಜಾಗ, ದನಿ, ಕೇಳುಗರು, ಪ್ರಭಾವ. ಮಗುವಿಗೆ ಹೇಳಲು ಜಾಗವಿರಬೇಕು, ಹೇಳಲು ನೆರವಿರಬೇಕು, ಕೇಳಬೇಕಾದವರೇ ಕೇಳಬೇಕು, ಅದರಿಂದ ಏನಾದರೂ ಆಗಬೇಕು. ನಾವು ಮೊದಲ ಎರಡನ್ನು ಮಾಡಿ ಕೈತೊಳೆದುಕೊಳ್ಳುತ್ತೇವೆ. ಮಗು ಕಾರ್ಯಕರ್ತೆಗೆ ಹೇಳಿರುತ್ತದೆ, ತೀರ್ಮಾನ ಮಾಡುವವರಿಗೆ ಅದು ತಲುಪಿರುವುದೇ ಇಲ್ಲ.

ಇದಕ್ಕೆ ಒಂದು ಸುಲಭದ ರೂಢಿ ಇದೆ. ಸಭೆ ಶುರುವಾದ ಕೂಡಲೇ, ಬೇರೆ ವರದಿಗಳಿಗಿಂತ ಮೊದಲು, ಮಗುವಿನ ಮಾತನ್ನು ಓದಿ. ಕೊನೆಯಲ್ಲಿ ಓದಿದರೆ ಅಷ್ಟು ಹೊತ್ತಿಗೆ ಎಲ್ಲರ ಮನಸ್ಸೂ ಗಟ್ಟಿಯಾಗಿರುತ್ತದೆ. ಮಗು ತಾನೇ ಬರುತ್ತೇನೆ ಅಂದರೆ ಒಳ್ಳೆಯದು. ಆದರೆ ಹನ್ನೆರಡು ಜನ ದೊಡ್ಡವರ ಮಧ್ಯೆ ಒಂದು ಕುರ್ಚಿ ಹಾಕಿ ‘ಏನಾದ್ರೂ ಹೇಳ್ತೀಯಾ ಪುಟ್ಟಾ’ ಅನ್ನುವುದು ಮಗುವನ್ನು ಕೇಳಿದಂತಲ್ಲ. ರೋಜರ್ ಹಾರ್ಟ್ 1992ರಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿ ಬರೆದಾಗ ಇಂಥ ತೋರಿಕೆಯ ಕೆಲಸಗಳನ್ನು ಕೆಳಗಿನ ಮೂರು ಮೆಟ್ಟಿಲಿಗೆ ಹಾಕಿ, ಅವು ಪಾಲ್ಗೊಳ್ಳುವಿಕೆಯೇ ಅಲ್ಲ ಅಂದರು. ಯಾರು ಯಾರು ಇರುತ್ತಾರೆ, ಎಲ್ಲಿ ಕೂರಬೇಕು, ಜೊತೆಗೆ ಯಾರು ಬೇಕು ಅನ್ನುವುದನ್ನು ಮೊದಲೇ ಮಗುವಿನ ಜೊತೆ ಮಾತಾಡಿಕೊಳ್ಳಿ.

ವಾಪಸ್ ಹೋಗಿ ಹೇಳುವುದು

ತೀರ್ಮಾನ ಆಯಿತು. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಮಗು ಕಾಯುತ್ತಿದೆ. ನಾನು ಅಷ್ಟೆಲ್ಲ ಹೇಳಿದೆನಲ್ಲ, ಏನಾಯಿತು? ಯಾರೂ ಬರುವುದಿಲ್ಲ. ಮುಂದಿನ ಸಲ ಯಾರಾದರೂ ಅಭಿಪ್ರಾಯ ಕೇಳಿದಾಗ ಆ ಮಗು ಭುಜ ಕುಣಿಸುತ್ತದೆ. ನಾವು ‘ಮಗು ಸಹಕರಿಸುತ್ತಿಲ್ಲ’ ಅಂತ ಬರೆಯುತ್ತೇವೆ.

ಅದಕ್ಕೇ ತೀರ್ಮಾನದ ಮರುದಿನವೇ, ಆದಷ್ಟು ಬೇಗ, ಮೊದಲು ಮಾತಾಡಿದವರೇ ಹೋಗಿ. ಹೇಳಬೇಕಾದ್ದು ಇಷ್ಟು. ನೀನು ಹೀಗೆ ಹೇಳಿದ್ದೆ. ಅದನ್ನು ಇಂಥವರಿಗೆ ಹೇಳಿದೆ. ಇದು ಆಗುತ್ತದೆ. ಇದು ಆಗುವುದಿಲ್ಲ, ಯಾಕಂದರೆ ಹೀಗೆ. ಇದನ್ನು ಇಷ್ಟು ದಿನ ಬಿಟ್ಟು ಮತ್ತೆ ನೋಡುತ್ತೇವೆ. ನಿನಗೆ ಸರಿ ಅನ್ನಿಸದಿದ್ದರೆ ಇವರಿಗೆ ಹೇಳಬಹುದು, ನಾನು ಸಹಾಯ ಮಾಡುತ್ತೇನೆ.

ಆಗದ ವಿಷಯವನ್ನು ಹೇಳುವಾಗ ಸುತ್ತಿ ಬಳಸಬೇಡಿ. ‘ನೋಡೋಣ’ ಅನ್ನಬೇಡಿ. ಮಗು ‘ನೋಡೋಣ’ ಅನ್ನುವುದನ್ನು ಹೂಂ ಅಂತಲೇ ತೆಗೆದುಕೊಳ್ಳುತ್ತದೆ. ಸಿಟ್ಟು ಬರಬಹುದು, ಅಳು ಬರಬಹುದು. ಬರಲಿ. ಆ ಹೊತ್ತಿನಲ್ಲಿ ಅಲ್ಲಿ ಕೂತಿರುವುದೂ ಕೇಳುವುದೇ. ಓದಲು ಬರುವ ಮಗುವಾದರೆ ಇದನ್ನೆಲ್ಲ ಅರ್ಧ ಪುಟದ ಪತ್ರದಲ್ಲಿ, ಸರಳ ಮಾತಿನಲ್ಲಿ ಬರೆದು ಕೊಡಿ. ಆಡಿದ ಮಾತು ಮರೆತುಹೋಗಬಹುದು. ಪತ್ರವಾದರೆ ಮಗು ಎತ್ತಿಟ್ಟುಕೊಂಡು ಬೇಕಾದಾಗ ಮತ್ತೆ ಓದಬಹುದು, ಇನ್ನೊಬ್ಬರಿಗೆ ತೋರಿಸಿ ‘ಹೀಗೆ ಹೇಳಿದ್ರಲ್ಲ’ ಅಂತ ಕೇಳಬಹುದು.

ಅಭಿಪ್ರಾಯ ಬದಲಾಗುತ್ತದೆ ಅನ್ನುವುದನ್ನೂ ನೆನಪಿಡಿ. ಮೂರು ತಿಂಗಳ ಹಿಂದೆ ಅಮ್ಮನನ್ನು ನೋಡಲ್ಲ ಅಂದ ಹುಡುಗ ಈಗ ನೋಡಬೇಕು ಅನ್ನಬಹುದು. ಹಳೆಯ ಮಾತನ್ನು ಅವನ ಮೇಲೆ ಹೇರಬೇಡಿ. ಪ್ರತಿ ಪರಿಶೀಲನೆಗೆ ಮುಂಚೆ ಮತ್ತೆ ಕೇಳಿ.

ನೀವು ಬೇರೆ ಕಡೆ ವರ್ಗವಾಗಿ ಹೋಗುವುದಾದರೆ ಮಗುವಿಗೆ ಮೊದಲೇ ತಿಳಿಸಿ, ಹೊಸಬರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಫೈಲಿನ ಮೊದಲ ಪುಟದಲ್ಲಿ, ವಿಳಾಸ ಮತ್ತು ಹುಟ್ಟಿದ ದಿನಾಂಕದ ಪಕ್ಕದಲ್ಲೇ, ಮಗು ಕೊನೆಯ ಸಲ ಏನು ಹೇಳಿತು ಅಂತ ಅದರದೇ ಮಾತಿನಲ್ಲಿ ದಿನಾಂಕದ ಜೊತೆ ಬರೆದಿಡಿ. ಏನನ್ನು ಮತ್ತೆ ಕೇಳಬಾರದು ಅನ್ನುವುದನ್ನೂ ಅದರ ಕೆಳಗೆ ಬರೆಯಿರಿ. ಹೊಸಬರು ಬಂದ ದಿನ ಆ ಮಗು ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುವುದಿಲ್ಲ.